ಸಮಲಿಂಗಿ ಸಂಗಾತಿಗಳು: ಕಾನೂನು ಮಾನ್ಯತೆ ಮತ್ತು ಉದ್ಯೋಗ ಸೌಲಭ್ಯ (ಜಮಖಂಡಿ ಸೀಮೆ)

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಸಮಲಿಂಗಿ ಸಂಗಾತಿಗಳಿಗೆ ಅನ್ವಯಿಸುವುದು ದೇಶದ ಸಾಮಾನ್ಯ ಕಾನೂನೇ. 1860ರ ದಂಡಸಂಹಿತೆಯ 377ನೆಯ ಕಲಮು ಅವರ ಸಂಬಂಧವನ್ನು ಅಪರಾಧವಾಗಿಸಿತ್ತು. ದೆಹಲಿ ಹೈಕೋರ್ಟ್ 2009ರಲ್ಲಿ ಅದನ್ನು ಸಡಿಲಿಸಿತು, ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಬಿಗಿಗೊಳಿಸಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಹೊರತಂದಿತು. ಈ ತೀರ್ಪಿಗೆ ಬುನಾದಿಯಾದ 2017ರ ಖಾಸಗಿತನದ ತೀರ್ಪಿಗೆ ಕಾರಣವಾದ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಲಮನ್ನು ಪ್ರಶ್ನಿಸಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯೂ ಇದ್ದರು.

ಈ ವಿಷಯದ ಬರಹಗಳಲ್ಲಿ ಹೆಚ್ಚು ಗೊಂದಲವಿರುವುದು ಅಪರಾಧಮುಕ್ತಿಯ ಆಚೆಗಿನ ಹಕ್ಕುಗಳ ಬಗ್ಗೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸಿಕ್ಕ ಹಕ್ಕುಗಳನ್ನೇ ಸಮಲಿಂಗಿ ದಂಪತಿಗಳ ಹಕ್ಕೆಂದು ಬರೆಯುವ ರೂಢಿ ಬೆಳೆದಿದೆ. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಇರುವ ರಾಜ್ಯದ ಮೈತ್ರಿ ಮಾಸಾಶನ, 2021ರ ಶೇ 1ರಷ್ಟು ನೌಕರಿ ಮೀಸಲಾತಿ ಎರಡೂ ವ್ಯಕ್ತಿಗೆ ಸಲ್ಲುವಂಥವು, ಜೋಡಿಗಲ್ಲ. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಸವದತ್ತಿ ಯಲ್ಲಮ್ಮನ ಪರಂಪರೆಯ ಜೋಗಪ್ಪಂದಿರು ಈ ಸೀಮೆಗೆ ಚಿರಪರಿಚಿತರು. ಜೋಗಪ್ಪಂದಿರು ಈ ಮಾಸಾಶನಕ್ಕೆ ಅರ್ಜಿ ಹಾಕಬಹುದು, ಆದರೆ ಅವರ ಸಂಗಾತಿಗೆ ಆ ಯೋಜನೆಯಲ್ಲಿ ಹೆಸರೇ ಇಲ್ಲ.

ಉದ್ಯೋಗದ ವಿಷಯದಲ್ಲಿ ಆರೋಗ್ಯ ವಿಮೆ ಮತ್ತು ಭವಿಷ್ಯನಿಧಿಯನ್ನು (ಪಿಎಫ್) ಬೇರೆಬೇರೆಯಾಗಿಯೇ ನೋಡಬೇಕು. ಗುಂಪು ವಿಮೆ ಕಂಪನಿಗೂ ವಿಮಾ ಸಂಸ್ಥೆಗೂ ನಡುವಿನ ಒಪ್ಪಂದ. ಹಾಗಾಗಿಯೇ ಟಾಟಾ ಸ್ಟೀಲ್ 2019ರಲ್ಲಿ, ಆಕ್ಸಿಸ್ ಬ್ಯಾಂಕ್ 2021ರಲ್ಲಿ ಯಾವ ಹೊಸ ಕಾನೂನಿಗೂ ಕಾಯದೆ ನೌಕರರ ಸಂಗಾತಿಗಳನ್ನು ಸೇರಿಸಿಕೊಂಡವು. ಪಿಎಫ್ ಹಾಗಲ್ಲ, ಅಲ್ಲಿ 'ಕುಟುಂಬ' ಯಾರೆಂದು 1952ರ ಭವಿಷ್ಯನಿಧಿ ಯೋಜನೆಯೇ ಹೇಳುತ್ತದೆ. ಸಕ್ಕರೆ ಕಾರ್ಖಾನೆಯ ಅವಿವಾಹಿತ ಕಾರ್ಮಿಕನೊಬ್ಬ ಸಂಗಾತಿಯ ಹೆಸರನ್ನು ನಾಮಿನಿಯಾಗಿ ಬರೆದನೆನ್ನೋಣ. ಅವನನ್ನೇ ನೆಚ್ಚಿಕೊಂಡ ತಂದೆತಾಯಿ ಇದ್ದರೆ ಕಾನೂನಿನ ಪ್ರಕಾರ ಅವನಿಗೆ 'ಕುಟುಂಬ' ಇದೆ, ಆದ್ದರಿಂದ ಸಂಗಾತಿಯ ನಾಮನಿರ್ದೇಶನ ಅಸಿಂಧು. ಕುಟುಂಬವೇ ಇಲ್ಲದವನು ಮಾತ್ರ ಯಾರ ಹೆಸರನ್ನಾದರೂ ಬರೆಯಬಹುದು. ಜೀವಮಾನದ ದುಡಿಮೆಯ ಉಳಿತಾಯ ಜೊತೆಗೆ ಬಾಳಿದವರಿಗೇ ದಕ್ಕದಿರುವುದು ದೊಡ್ಡ ಅನ್ಯಾಯ.

ಸಮಲಿಂಗಿ ಮದುವೆಯ ಮಾನ್ಯತೆ ಕುರಿತು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಕೊಟ್ಟ ಸುಪ್ರಿಯೊ ತೀರ್ಪನ್ನು 'ಮದುವೆಗೆ ನಕಾರ' ಎಂದಷ್ಟೇ ದಾಖಲಿಸಿದರೆ ಅರ್ಧ ಸತ್ಯ. ಮದುವೆ ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರು ನ್ಯಾಯಮೂರ್ತಿಗಳೂ ಒಮ್ಮತದಲ್ಲಿದ್ದರು. ಮದುವೆಯಲ್ಲದ ಕೂಡುಬಾಳಿಗೆ ಮಾನ್ಯತೆ ಮತ್ತು ದತ್ತುಹಕ್ಕಿನ ಪ್ರಶ್ನೆಯಲ್ಲಿ 3-2ರಂತೆ ಒಡೆದರು. ಭಿನ್ನಲಿಂಗಿ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿನ ಕಾನೂನಿನಡಿಯೇ ಮದುವೆಯಾಗಬಹುದೆಂದೂ ಒಮ್ಮತದಿಂದ ಹೇಳಿದರು.

ತೀರ್ಪಿನ ಬೆನ್ನಿಗೆ ಸಮಲಿಂಗಿ ಸಂಗಾತಿಗಳ ಸೌಲಭ್ಯಗಳನ್ನು ಪರಿಶೀಲಿಸಲು ಕೇಂದ್ರದ ಸಂಪುಟ ಕಾರ್ಯದರ್ಶಿಯ ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು. ಅದೇ ವರ್ಷದ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಕೇಂದ್ರದ ಸೂಚನೆಗಳು ಈ ಸೀಮೆಯ ಮಟ್ಟಿಗೆ ತೀರ್ಪಿಗಿಂತ ಮುಖ್ಯ: ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ, ಪಡಿತರ ಚೀಟಿಯಲ್ಲಿ ಸಂಗಾತಿಗಳು ಒಂದೇ ಮನೆಯವರು, ಹತ್ತಿರದ ಬಂಧುಗಳು ಸಿಗದಿದ್ದರೆ ಸಂಗಾತಿ ಶವ ಪಡೆಯಬಹುದು. ರಬಕವಿ-ಬನಹಟ್ಟಿಯಲ್ಲಿ ಮನೆಯೊಳಗೇ ಮಗ್ಗ ನಡೆಸುವ ನೇಕಾರರಿಗೆ ಕಂಪನಿ ವಿಮೆಯ ನೀತಿ ದೂರದ ಮಾತು, ರೇಷನ್ ಕಾರ್ಡು ದಿನದ ಅನ್ನದ ಮಾತು.

ಸುಪ್ರಿಯೊ ತೀರ್ಪಿನ ಮರುಪರಿಶೀಲನಾ ಅರ್ಜಿಗಳು 2025ರ ಜನವರಿ 9ರಂದು ವಜಾಗೊಂಡವು. ಮದುವೆಯ ಕಾನೂನನ್ನು ತಿದ್ದುವುದು ಸಂಸತ್ತಿನ ಕೆಲಸವಾಗಿ ಉಳಿದಿದೆ. ಆದರೆ ರಾಜ್ಯ ನೌಕರರ ವೈದ್ಯಕೀಯ ನಿಯಮಗಳಲ್ಲಿನ 'ಕುಟುಂಬ'ದ ವ್ಯಾಖ್ಯೆ ಬದಲಿಸಲು ಸಂಸತ್ತನ್ನು ಕಾಯಬೇಕಿಲ್ಲ, ಕರ್ನಾಟಕ ಸರ್ಕಾರವೇ ಅದನ್ನು ಮಾಡಬಹುದು.