ಆರು ಮೂಲೆ, ನಾಲ್ಕು ಮೂಲೆ: ಉತ್ತರ ಬೆಂಗಳೂರಿನ ಕಾರ್ಯಾಗಾರಗಳಲ್ಲಿ ಜೋಡಿ ಸಾಕೆಟ್‌ನ ರೂಪ ಮತ್ತು ಬಳಕೆ

ತುಮಕೂರು ರಸ್ತೆಯ ಗ್ಯಾರೇಜುಗಳಲ್ಲಿ ಈಗ ಕಾಣುವ ನಟ್ಟು ಬೋಲ್ಟುಗಳು ಬಹುಪಾಲು ಆರು ಮೂಲೆಯವು. ಆದರೂ ಯಶವಂತಪುರ, ಜಾಲಹಳ್ಳಿ, ಹೆಬ್ಬಾಳ, ಯಲಹಂಕಗಳ ನಡುವಿನ ಈ ಸೀಮೆಯಲ್ಲಿ ಚೌಕ ತಲೆ ಪೂರ್ತಿ ಮರೆಯಾಗಿಲ್ಲ. ಲೇತಿನ ಟೂಲ್ ಪೋಸ್ಟಿನಲ್ಲಿ, ಹಳೆಯ ಕ್ಯಾಂಟರ್ ಲಾರಿಗಳ ಹಿಂದಿನ ಗಾಲಿಯಲ್ಲಿ, ರಸ್ತೆಯಡಿಯ ನೀರಿನ ವಾಲ್ವಿನ ನೆತ್ತಿಯ ಮೇಲೆ ಅದು ಉಳಿದುಕೊಂಡಿದೆ. ಚೌಕವೂ ಷಡ್ಭುಜವೂ ಒಂದೇ ಕೆಲಸದಲ್ಲಿ ಎದುರಾದಾಗ ಎರಡಕ್ಕೂ ಹೊಂದುವ ಒಂದೇ ಸಾಕೆಟ್ ಇದ್ದರೆ ಚೆನ್ನ ಎಂದು ಯಾವ ಮೆಕ್ಯಾನಿಕ್‌ಗಾದರೂ ಅನಿಸುತ್ತದೆ. ಅಂಥ ಸಾಕೆಟ್‌ಗಳು ತಯಾರಾಗಿವೆ, ದಶಕಗಳ ಕಾಲ ದುಡಿದಿವೆ. ಅವುಗಳ ರಚನೆಯ ಲೆಕ್ಕವೇನು, ಯಾವ ಬಗೆಯದು ಕೆಲಸದಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಮೊದಲು ಗಮನಿಸಬೇಕಾದ ಸಂಗತಿಯೊಂದಿದೆ. ಬಾಯಿ ತೆರೆದ ಸಾಧಾರಣ ಸ್ಪ್ಯಾನರ್‌ಗೆ ಈ ತೊಡಕೇ ಇರಲಿಲ್ಲ. ಅದು ಹಿಡಿಯುವುದು ಎದುರುಬದುರಿನ ಎರಡು ಮುಖಗಳನ್ನು ಮಾತ್ರ. ಮುಖಗಳ ನಡುವಿನ ಅಂತರ, ಅಂದರೆ ಮುಖಾಂತರ, ಒಂದೇ ಆಗಿದ್ದರೆ ತಲೆಗೆ ಮೂಲೆ ನಾಲ್ಕೋ ಆರೋ ಎಂಬುದು ಅದಕ್ಕೆ ಸಂಬಂಧವಿಲ್ಲ. ಸಾಕೆಟ್ ಹಾಗಲ್ಲ, ತಲೆಯನ್ನು ಸುತ್ತಲೂ ಆವರಿಸಿ ಹಿಡಿಯುತ್ತದೆ. ಎಲ್ಲ ಮೂಲೆಗಳಿಗೂ ಒಳಗೆ ಜಾಗ ಬೇಕು. ಬಿಗಿತವನ್ನು ಹೆಚ್ಚಿಸಿದ ಗುಣವೇ ಆಕಾರದ ಪ್ರಶ್ನೆಯನ್ನೂ ಹುಟ್ಟುಹಾಕಿತು.

ಚೌಕ ತಲೆಗೆ ಹಳೆಯ ಕಾಲದಲ್ಲಿ ಆದ್ಯತೆ ಸಿಕ್ಕಿದ್ದಕ್ಕೆ ಕಾರಣ ಕುಲುಮೆಯಲ್ಲಿದೆ. ಕಾದ ಸರಳಿನ ತುದಿಯನ್ನು ನಾಲ್ಕು ಕಡೆ ಬಡಿದರೆ ಚೌಕ ಸಿದ್ಧ. ಪಟ್ಟಿಯನ್ನು ಅಡ್ಡಡ್ಡ ಕತ್ತರಿಸಿ ತೂತು ಕೊರೆದರೆ ಚೌಕ ನಟ್ಟು ಸಿದ್ಧ. ಷಡ್ಭುಜದ ಅನುಕೂಲ ಇಕ್ಕಟ್ಟಿನ ಜಾಗದಲ್ಲಿ ಗೊತ್ತಾಗುತ್ತದೆ. ಚೌಕವನ್ನು ಮರಳಿ ಹಿಡಿಯಬೇಕಾದರೆ 90 ಡಿಗ್ರಿ ತಿರುಗಿಸಬೇಕು, ಷಡ್ಭುಜಕ್ಕೆ 60 ಸಾಕು. ಚೌಕದ ಮೂಲೆಯಿಂದ ಮೂಲೆಗೆ ಇರುವ ದೂರ ಮುಖಾಂತರದ 1.414 ಪಟ್ಟು, ಷಡ್ಭುಜದ್ದು 1.155 ಪಟ್ಟು ಮಾತ್ರ. ಹಾಗಾಗಿ ಅದೇ ಅಳತೆಯ ಚೌಕ ತಲೆ ತಿರುಗಲು ಹೆಚ್ಚು ಜಾಗ ಬೇಡುತ್ತದೆ. ಮೋಟಾರು ಎಂಜಿನ್ನುಗಳು ಬಂದ ಮೇಲೆ ಷಡ್ಭುಜ ಮೇಲುಗೈ ಪಡೆದದ್ದು ಇದರಿಂದ.

ಬೆಂಗಳೂರಿನ ಉತ್ತರ ಭಾಗಕ್ಕೆ ಈ ಬದಲಾವಣೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸ್ವಾತಂತ್ರ್ಯಾನಂತರ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಆರಂಭವಾಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದರ ನೆರೆಗೆ ಬಂತು. ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿದ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದದ್ದು 1956ರಲ್ಲಿ. ಆ ತಲೆಮಾರಿನ ಕಾರ್ಮಿಕರ ಕೈಗೆ ವಿಟ್‌ವರ್ತ್ ಅಳತೆಯೂ ಮಿಲಿಮೀಟರೂ ಒಟ್ಟಿಗೇ ಬಂದವು. ವಿಟ್‌ವರ್ತ್ ಪದ್ಧತಿಯಲ್ಲಿ ಸ್ಪ್ಯಾನರ್ ಮೇಲಿನ ಸಂಖ್ಯೆ ಸೂಚಿಸುವುದು ಬೋಲ್ಟಿನ ವ್ಯಾಸವನ್ನು. ಅರ್ಧ ಇಂಚು ಎಂದು ಕೆತ್ತಿದ ಹಳೆಯ ವಿಟ್‌ವರ್ತ್ ಸಾಕೆಟ್‌ನ ಬಾಯಿ ವಾಸ್ತವದಲ್ಲಿ 0.920 ಇಂಚು, ಅಂದರೆ ಸುಮಾರು 23.4 ಮಿ.ಮೀ. ಅದರ ಬೋಲ್ಟಿಗೆ 24ರ ಸಾಕೆಟ್ ಹಾಕಿದರೆ ಕೂರುತ್ತದೆ, ಆದರೆ ಸಡಿಲ. ಇಂಥ ಅಳತೆಯ ಗೊಂದಲದ ಮೇಲೆ ಆಕಾರದ ಗೊಂದಲವೂ ಸೇರಿತು.

ಒಂದೇ ಬಾಯಿಯಲ್ಲಿ ಎರಡು ಆಕಾರ ಹಿಡಿಸುವ ಮೊದಲ ಉಪಾಯ ಹನ್ನೆರಡು ಮೂಲೆಯ ಸಾಕೆಟ್. ಎರಡು ಷಡ್ಭುಜಗಳನ್ನು 30 ಡಿಗ್ರಿ ತಿರುಗಿಸಿ ಒಂದರ ಮೇಲೊಂದು ಇಟ್ಟಾಗ ಅದರ ಬಾಯಿ ಮೂಡುತ್ತದೆ. ಚೌಕದ ಮೂಲೆಗಳು 90 ಡಿಗ್ರಿಗೊಂದು ಬರುತ್ತವೆ. 90 ಎಂಬುದು 30ರ ಮೂರು ಪಟ್ಟು. ಹಾಗಾಗಿ ತಕ್ಕ ಅಳತೆಯ ಚೌಕವೂ ಇದರಲ್ಲಿ ಕೂರುತ್ತದೆ. ಆ ತಕ್ಕ ಅಳತೆಯೆಂದರೆ ಸಾಕೆಟ್‌ನ ಮುಖಾಂತರದ 0.816 ಪಟ್ಟು. ಐದೆಂಟಾಂಶ ಇಂಚಿನ, ಅಂದರೆ 15.9 ಮಿ.ಮೀ. ಸಾಕೆಟ್‌ನೊಳಗೆ ಅರ್ಧ ಇಂಚಿನ ಚೌಕ ತಲೆ ಇಳಿಯುತ್ತದೆ. ಮೂಲೆಯಿಂದ ಮೂಲೆಗೆ ಉಳಿಯುವ ಸಡಿಲ 0.37 ಮಿ.ಮೀ. 17ರ ಸಾಕೆಟ್‌ಗೆ 14ರ ಚೌಕ ಇಳಿಸಲು ಹೋದರೆ ಚೌಕದ ಕರ್ಣ 0.17 ಮಿ.ಮೀ. ಹೆಚ್ಚಾಗುತ್ತದೆ. ಮೂಲೆ ಸ್ವಲ್ಪ ಸವೆದ ತಲೆಯಾದರೆ ಅದೂ ಇಳಿದುಬಿಡುತ್ತದೆ.

ಇಳಿಯುವುದು ಬೇರೆ, ಹಿಡಿಯುವುದು ಬೇರೆ. ಸಾಕೆಟ್‌ನ ಪ್ರತಿ ಕಚ್ಚು 120 ಡಿಗ್ರಿ ತೆರೆದಿದ್ದರೆ ಚೌಕದ ಮೂಲೆ 90 ಡಿಗ್ರಿಯದು. ಎರಡೂ ಬದಿಯಲ್ಲಿ 15 ಡಿಗ್ರಿ ಖಾಲಿ. ಚೌಕದ ಮುಖಗಳು ಎಲ್ಲಿಯೂ ಗೋಡೆಗೆ ತಾಗುವುದಿಲ್ಲ. ಇಡೀ ಬಲ ನಾಲ್ಕು ಮೂಲೆಗಳ ತುದಿಗೆ ಬೀಳುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹೀಗೆ ಜೋರು ಹಾಕಿದರೆ ಮೊದಲು ಹೋಗುವುದು ಮೂಲೆ. ಚೌಕಕ್ಕೆ ಸರಿಯಾದದ್ದು ಎಂಟು ಮೂಲೆಯ ಸಾಕೆಟ್, ಏಕೆಂದರೆ ಎರಡು ಚೌಕಗಳಿಂದ ಆದ ಅದರ ಕಚ್ಚುಗಳೂ 90 ಡಿಗ್ರಿಯವೇ. ಆದರೆ ಅದು ಷಡ್ಭುಜಕ್ಕೆ ಆಗದು.

ಒಂದೇ ಮುಖಾಂತರದ ಚೌಕವನ್ನೂ ಷಡ್ಭುಜವನ್ನೂ ಒಂದೇ ಬಾಯಿಯಲ್ಲಿ ಕೊರೆದರೇನಾಗುತ್ತದೆ? ರೇಖಾಚಿತ್ರ ಬರೆದು ನೋಡಿದರೆ ಉತ್ತರ ಸ್ಪಷ್ಟ. ಷಡ್ಭುಜದ ನಾಲ್ಕು ಮೂಲೆಗಳು ಚೌಕದ ಬದಿಗಳನ್ನು ಒಳಗಿನಿಂದ ಮುಟ್ಟಿ ನಿಲ್ಲುತ್ತವೆ, ಎರಡು ಮೂಲೆಗಳು ಮಾತ್ರ ಚೌಕದ ಆಚೆ ಚಾಚುತ್ತವೆ. ಅಂದರೆ ಬಾಯಿ ಒಂದು ಚೌಕ, ಅದರ ಎರಡು ಬದಿಗೆ ಒಂದೊಂದು ಸಣ್ಣ ಕಚ್ಚು. ಇದರಲ್ಲಿ ಷಡ್ಭುಜಕ್ಕೆ ಪೂರ್ತಿ ಆನಿಕೆ ಸಿಗುವುದು ಎದುರುಬದುರಿನ ಎರಡು ಮುಖಗಳಿಗೆ ಮಾತ್ರ. ಎರಡನ್ನೂ ಹಿಡಿಯಲು ಹೊರಟ ಸಾಕೆಟ್ ಹೀಗೆ ತೆರೆದ ಸ್ಪ್ಯಾನರ್‌ನ ಹಿಡಿತಕ್ಕೇ ಮರಳುತ್ತದೆ.

ಎರಡನೆಯ ಉಪಾಯ ಇದಕ್ಕಿಂತ ಬಹಳ ಗಟ್ಟಿ: ಎರಡು ಆಕಾರಗಳನ್ನು ಒಂದೇ ಮಟ್ಟದಲ್ಲಿ ಬೆರೆಸದೆ ಒಂದರ ಹಿಂದೊಂದು ಇಡುವುದು. ಇದರ ಅತ್ಯುತ್ತಮ ಉದಾಹರಣೆ ಜೋಡಿ ಗಾಲಿಯ ಸಾಕೆಟ್. ಅಮೆರಿಕದಲ್ಲಿ ಎಡ್ವರ್ಡ್ ಬಡ್ ಅವರ ಕಂಪನಿಯ ಹೆಸರಿನಿಂದ ಪ್ರಸಿದ್ಧವಾದ ಗಾಲಿ ವ್ಯವಸ್ಥೆಯಲ್ಲಿ ಪ್ರತಿ ಸ್ಟಡ್ಡಿಗೆ ಎರಡು ನಟ್ಟು. ಒಳನಟ್ಟು ಒಳಗಾಲಿಯನ್ನು ಹಬ್ಬಿಗೆ ಬಿಗಿಯುತ್ತದೆ. ಅದರ ಹೊರಮೈಯಲ್ಲಿ ಥ್ರೆಡ್ ಇದೆ, ತುದಿಯಲ್ಲಿ ಚೌಕ ಬಾಲವಿದೆ. ಹೊರಗಾಲಿಯನ್ನು ಏರಿಸಿದಾಗ ಆ ಬಾಲ ಗಾಲಿಯ ತೂತಿನಿಂದ ಹೊರಗೆ ಇಣುಕುತ್ತದೆ. ಆಮೇಲೆ ಆರು ಮೂಲೆಯ ಹೊರನಟ್ಟು ಒಳನಟ್ಟಿನ ಥ್ರೆಡ್ ಮೇಲೆಯೇ ಏರಿ ಕೂರುತ್ತದೆ. ಒಳನಟ್ಟು ಹೊರನಟ್ಟಿನ ಥ್ರೆಡ್‌ನ ನಡುವೆ ಹಾದು ಬರಬೇಕಾದ್ದರಿಂದ ಅದರ ತಲೆ ಚಿಕ್ಕದಿರಬೇಕು, ಚಿಕ್ಕದಾದರೂ ಭಾರೀ ಬಲ ತಡೆಯಬೇಕು. ಚೌಕ ಇಲ್ಲಿ ಉಳಿದದ್ದಕ್ಕೆ ಬಲವಾದ ಕಾರಣವಿತ್ತು.

ಅಮೆರಿಕದ ಅಳತೆಯಲ್ಲಿ ಹೊರನಟ್ಟು ಒಂದೂವರೆ ಇಂಚು, ಒಳಚೌಕ ಹದಿನಾರರಲ್ಲಿ ಹದಿಮೂರು ಇಂಚು. ಜಪಾನಿ ಲಾರಿಗಳಲ್ಲಿ ಅದೇ ಜೋಡಿ 41 ಮತ್ತು 21 ಮಿ.ಮೀ. 1980ರ ದಶಕದಲ್ಲಿ ಐಷರ್-ಮಿತ್ಸುಬಿಷಿ, ಸ್ವರಾಜ್-ಮಜ್ದಾ, ಡಿಸಿಎಂ-ಟೊಯೊಟಾ, ಆಲ್ವಿನ್-ನಿಸ್ಸಾನ್ ಸಹಯೋಗಗಳ ಮೂಲಕ ಜಪಾನಿ ಸಣ್ಣ ಲಾರಿಗಳ ವಿನ್ಯಾಸ ಭಾರತಕ್ಕೆ ಬಂತು. ಎಪಿಎಂಸಿ ಯಾರ್ಡ್ ಮತ್ತು ದೇವರಾಜ ಅರಸು ಟ್ರಕ್ ಟರ್ಮಿನಲ್ ಎರಡೂ ಇರುವ ಯಶವಂತಪುರದಂಥ ಸಾಗಣೆ ಕೇಂದ್ರದಲ್ಲಿ ಈ ವರ್ಗದ ವಾಹನಗಳಿಗೆಲ್ಲ ಕ್ಯಾಂಟರ್ ಎಂಬ ಹೆಸರೇ ನಿಂತಿತು.

21-41ರ ಸಾಕೆಟ್ ಹೊರಗಿನಿಂದ ದಪ್ಪ ಉಕ್ಕಿನ ಸಿಲಿಂಡರ್. ಬಾಯಲ್ಲಿ 41ರ ಷಡ್ಭುಜ; ಅದರ ತಳದಲ್ಲಿ ಮೆಟ್ಟಿಲು ಇಳಿದಂತೆ ಕಿರಿದಾಗಿ 21ರ ಚೌಕ ಆರಂಭವಾಗುತ್ತದೆ. ಚೌಕದ ಕರ್ಣ 29.7 ಮಿ.ಮೀ. ಆದ್ದರಿಂದ ಷಡ್ಭುಜದೊಳಗೆ ಸುತ್ತಲೂ ಆನಿಕೆಯ ಅಂಚು ಉಳಿಯುತ್ತದೆ. ಹೊರನಟ್ಟು ಬಾಯಲ್ಲೇ ನಿಲ್ಲುತ್ತದೆ, ಒಳನಟ್ಟಿನ ಬಾಲ ಬಾಯನ್ನು ದಾಟಿ ಚೌಕಕ್ಕೆ ಸೇರುತ್ತದೆ. ಎರಡೂ ಆಕಾರಗಳಿಗೆ ಪೂರ್ಣ ಹಿಡಿತ, ಯಾವುದಕ್ಕೂ ರಾಜಿಯಿಲ್ಲ. ಕೆಲಸದ ಕ್ರಮವನ್ನೂ ಈ ರಚನೆಯೇ ಹೇಳಿಕೊಡುತ್ತದೆ: ಒಳನಟ್ಟನ್ನು ಬಿಗಿಯಬೇಕಾದರೆ ಮೊದಲು ಹೊರನಟ್ಟು ಸಡಿಲಿಸಬೇಕು, ಚೌಕ ಬಿಗಿಯಬೇಕು, ಮತ್ತೆ ಹೊರನಟ್ಟು ಬಿಗಿಯಬೇಕು. ಎಡಗಡೆಯ ಗಾಲಿಗಳಿಗೆ ಲೆಫ್ಟ್ ಥ್ರೆಡ್ ಎಂಬುದನ್ನು ಮರೆಯುವಂತಿಲ್ಲ. ಹೊರನಟ್ಟು ಬಿಗಿಯಾಗಿ ಕಂಡು ಒಳನಟ್ಟು ಸಡಿಲವಿರುವ ಅಪಾಯ ಈ ವ್ಯವಸ್ಥೆಯ ದೊಡ್ಡ ದೋಷ. ಎರಡೂ ಗಾಲಿಗಳನ್ನು ಹಬ್ಬಿನ ಮೇಲೆಯೇ ಕೂರಿಸಿ ಒಂದೇ ನಟ್ಟಿನಿಂದ ಬಿಗಿಯುವ ವಿನ್ಯಾಸ ಬಂದ ಕಡೆಯೆಲ್ಲ ಜೋಡಿ ಸಾಕೆಟ್‌ನ ಅಗತ್ಯವೂ ಕಡಿಮೆಯಾಯಿತು.

ಚೌಕ ಒಂಟಿಯಾಗಿ ಉಳಿದ ಜಾಗಗಳೂ ಇದೇ ತರ್ಕವನ್ನು ಪುಷ್ಟೀಕರಿಸುತ್ತವೆ. ಲೇತಿನ ಟೂಲ್ ಪೋಸ್ಟ್ ಸ್ಕ್ರೂಗಳನ್ನು ದಿನಕ್ಕೆ ಹತ್ತಾರು ಸಲ ಬಿಚ್ಚಿ ಬಿಗಿಯುತ್ತಾರೆ; ಅಷ್ಟು ಬಳಕೆಗೆ 90 ಡಿಗ್ರಿಯ ಮೂಲೆ ಬೇಗ ಸವೆಯುವುದಿಲ್ಲ, ಸುತ್ತ ಜಾಗವೂ ಸಾಕಷ್ಟಿರುತ್ತದೆ. ಆರ್.ಟಿ. ನಗರದ ರಸ್ತೆಯಡಿ ಇರುವಂಥ ಸ್ಲೂಯಿಸ್ ವಾಲ್ವಿನ ಚೌಕ ಟೋಪಿಯನ್ನು ವಾಲ್ವ್‌ಮ್ಯಾನ್ ಮೇಲಿನಿಂದ ಉದ್ದನೆಯ ಟಿ ಆಕಾರದ ಕೀಲಿ ಇಳಿಸಿ ಹುಡುಕಿ ಹಿಡಿಯಬೇಕು. ಮಣ್ಣು ತುಂಬಿದ ಗುಂಡಿಯಲ್ಲಿ ಕಣ್ಣಿಗೆ ಕಾಣದ ತಲೆಗೆ ನಾಲ್ಕು ಮೂಲೆಯೇ ಭರವಸೆ. ಇನ್ನು 1920ರಲ್ಲಿ ಐದು ಹಿಡಿ, ಹತ್ತು ಸಾಕೆಟ್‌ಗಳ ಸೆಟ್ಟಿನೊಂದಿಗೆ ಸ್ನ್ಯಾಪ್-ಆನ್ ಕಂಪನಿ ಜನಪ್ರಿಯಗೊಳಿಸಿದ ಬದಲಿಸಬಲ್ಲ ಸಾಕೆಟ್‌ನಲ್ಲಿ ಮುಂದೆ ಷಡ್ಭುಜವಿದ್ದರೂ ಹಿಡಿ ಸೇರುವ ಹಿಂಬದಿಯ ತೂತು ಚೌಕವೇ. ಮಿಲಿಮೀಟರ್ ಲೆಕ್ಕದ ಇಂದಿನ ಸೆಟ್ಟುಗಳಲ್ಲೂ ಆ ಚೌಕವನ್ನು ಅರ್ಧ ಇಂಚು, ಮುಕ್ಕಾಲು ಇಂಚು ಎಂದೇ ಕೇಳಿ ಕೊಳ್ಳುತ್ತಾರೆ.

ಈ ಪುರಾವೆಗಳಿಂದ ಬರುವ ತೀರ್ಮಾನ ಇದು: ಒಂದೇ ಬಾಯಿಯಲ್ಲಿ ಎರಡು ಆಕಾರ ಬೆರೆಸಿದ ಸಾಕೆಟ್ ತುರ್ತಿಗೆ ಒದಗುವ ಸಾಧನ, ಹಂತ ಹಂತವಾಗಿ ಬೇರ್ಪಡಿಸಿದ್ದು ನಿಜವಾದ ಎಂಜಿನಿಯರಿಂಗ್ ಪರಿಹಾರ. ಎರಡೂ ಬಗೆಯವು ಈಗ ಹಳೆ ಕಬ್ಬಿಣದ ತೂಕಕ್ಕೆ ಹೋಗುತ್ತಿವೆ. 2019ರಲ್ಲಿ ಜಾಲಹಳ್ಳಿಯಲ್ಲಿ ತೆರೆದ ಎಚ್‌ಎಂಟಿ ಪರಂಪರೆ ಕೇಂದ್ರ, ಸುತ್ತಲಿನ ಪಾಲಿಟೆಕ್ನಿಕ್ ಮತ್ತು ಐಟಿಐಗಳು ಯಂತ್ರಗಳ ಜೊತೆಗೆ ಅವುಗಳನ್ನು ಬಿಗಿದ ಕೈ ಉಪಕರಣಗಳನ್ನೂ ಸಂಗ್ರಹಿಸಬೇಕು. ಪ್ರತಿ ಸಾಕೆಟ್‌ಗೆ ಷಡ್ಭುಜದ ಮುಖಾಂತರ, ಚೌಕದ ಮುಖಾಂತರ, ಚೌಕ ಆರಂಭವಾಗುವ ಆಳ, ಹಿಂಬದಿಯ ಡ್ರೈವ್, ಮೈಮೇಲಿನ ಗುರುತು ಎಂಬ ಐದು ವಿವರ ದಾಖಲಿಸಿದರೆ ಸಾಕು. ಗ್ಯಾರೇಜು ನಡೆಸುವವರು ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ವರ್ನಿಯರ್ ಹಿಡಿದು ಈ ಅಳತೆಗಳನ್ನು ಬರೆದಿಡಲಿ.