ನಡುಚಿತ್ರಗಳ ಪಾಠ: ಫಾಲ್ಕೆಯವರಿಂದ ಜನರೇಟಿವ್ ಎಐವರೆಗೆ

ಸ್ಥಿರಚಿತ್ರಗಳನ್ನು ಒಂದರ ಹಿಂದೊಂದು ವೇಗವಾಗಿ ತೋರಿಸಿ ಚಲನೆಯ ಭಾವ ಹುಟ್ಟಿಸುವ ಅನಿಮೇಷನ್ ಕಲೆಯನ್ನು ಇಂದು ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ಕಲಿಸುವ ಕ್ರಮಕ್ಕೆ ನೆರೆಯ ಮುಂಬಯಿಯಲ್ಲಿ ಶತಮಾನ ಮೀರಿದ ಹಿನ್ನೆಲೆಯಿದೆ. ಚಿತ್ರನಿರ್ಮಾಪಕ ದಾದಾಸಾಹೇಬ್ ಫಾಲ್ಕೆಯವರು 1912ರಲ್ಲಿ ಬಟಾಣಿ ಕಾಳು ಮೊಳೆತು ಗಿಡವಾಗುವುದನ್ನು ಬಿಡಿಬಿಡಿ ಚೌಕಟ್ಟುಗಳಲ್ಲಿ ಸೆರೆಹಿಡಿದರು. 1915ರಲ್ಲಿ ಬೆಂಕಿಕಡ್ಡಿಗಳನ್ನು ಕೊಂಚ ಕೊಂಚವೇ ಸರಿಸಿ, ಸರಿಸಿದಾಗಲೆಲ್ಲ ಚಿತ್ರ ತೆಗೆದು, ಅವುಗಳನ್ನು ಪರದೆಯ ಮೇಲೆ ಕುಣಿಸಿದರು.

ಈ ವಿದ್ಯೆಗೆ ಗುರು–ಶಿಷ್ಯರ ಶಿಸ್ತು ಒದಗಿದ್ದು ಮುಂದೆ ನಾಲ್ಕು ದಶಕಗಳ ಬಳಿಕ. 1948ರಲ್ಲಿ ಸ್ಥಾಪನೆಯಾಗಿದ್ದ, ಸರ್ಕಾರಿ ಚಿತ್ರನಿರ್ಮಾಣ ಸಂಸ್ಥೆಯಾದ ಫಿಲ್ಮ್ಸ್ ಡಿವಿಜನ್ 1956ರಲ್ಲಿ ಕಾರ್ಟೂನ್ ಘಟಕವನ್ನು ತೆರೆದಾಗ, ಭಾರತದಲ್ಲೇ ಹುಟ್ಟಿ ಡಿಸ್ನಿ ಸ್ಟುಡಿಯೊದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ತರಬೇತಿ ನೀಡಲು ಬಂದರು. ವೀಕ್ಸ್ ಅವರ ಬಳಿ ಕಲಿತವರಲ್ಲಿ ಅನಿಮೇಷನ್ ಕಲಾವಿದ ರಾಮ್ ಮೋಹನ್ ಒಬ್ಬರು; ಜಾತಕ ಕಥೆಯನ್ನು ಆಧರಿಸಿದ ‘ದಿ ಬ್ಯಾನಿಯನ್ ಡೀರ್’ (1957) ಚಿತ್ರ ಆ ಕಲಿಕೆಯ ಫಲ. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಚಿತ್ರದಲ್ಲಿ ಒಂದೊಂದು ರೇಖಾಚಿತ್ರವನ್ನು ಎರಡೆರಡು ಸಲ ಬಳಸಿದರೂ 12 ಚಿತ್ರಗಳು ಬೇಕಾಗುತ್ತವೆ. ಇವುಗಳಲ್ಲಿ ಮುಖ್ಯ ಭಂಗಿಗಳನ್ನು ನುರಿತ ಕಲಾವಿದರು ಬರೆದರೆ, ಅವುಗಳ ನಡುವಣ ಭಂಗಿಗಳನ್ನು, ಅಂದರೆ ನಡುಚಿತ್ರಗಳನ್ನು, ಹೊಸಬರು ತುಂಬುತ್ತಿದ್ದರು. ಅಡಿಯಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆಯಿಟ್ಟು ಬರೆಯುತ್ತ, ಪುಟಿಯುವ ಚೆಂಡು ಎತ್ತರದಲ್ಲಿರುವಾಗ ಚಿತ್ರಗಳು ಒತ್ತೊತ್ತಾಗಿಯೂ ನೆಲಕ್ಕೆ ಬೀಳುವಾಗ ದೂರದೂರವಾಗಿಯೂ ಇರಬೇಕೆಂಬುದನ್ನು ಅವರ ಕೈಯೇ ಕಲಿಯುತ್ತಿತ್ತು. ನಡುಚಿತ್ರವೇ ಈ ಕಸುಬಿನ ಮೊದಲ ತರಗತಿಯಾಗಿತ್ತು.

1853ರಲ್ಲಿ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ತಲುಪಿದ ರೈಲುಹಳಿಯ ಗುಂಟ ಬೆಳೆದ ಊರುಗಳಿಗೂ, 1970ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ರೂಪಿಸಿದ ನವಿ ಮುಂಬಯಿಗೂ ಖಾಸಗಿ ತರಬೇತಿ ಕೇಂದ್ರಗಳ ಮೂಲಕ ಈ ವಿದ್ಯೆ ಬರುವ ಹೊತ್ತಿಗೆ, ನಡುಭಂಗಿಗಳನ್ನು ಕಂಪ್ಯೂಟರ್ ಲೆಕ್ಕಹಾಕತೊಡಗಿತ್ತು. ಅಪಾರ ಚಿತ್ರಗಳಿಂದಲೂ ಅವುಗಳ ವಿವರಣೆಗಳಿಂದಲೂ ತರಬೇತಿ ಪಡೆದು, ಪ್ರಾಂಪ್ಟ್ ಎಂಬ ಬರಹದ ಸೂಚನೆಯಂತೆ ಹೊಸ ಚಿತ್ರ ಕಟ್ಟುವ, 2022ರಿಂದೀಚೆಗೆ ಜನಸಾಮಾನ್ಯರ ಕೈಗೆಟುಕಿದ ಜನರೇಟಿವ್ ಎಐ ಮುಖ್ಯ ಭಂಗಿಯನ್ನೂ ತಾನೇ ರಚಿಸುತ್ತದೆ. ಹೇಳಲು ಕಥೆಯಿದ್ದೂ ಕೈ ಪಳಗದ ವಿದ್ಯಾರ್ಥಿಗೆ ಇದು ದೊಡ್ಡ ಅನುಕೂಲ. ಆದರೆ ಹೊಸಬರ ಕಣ್ಣನ್ನು ತಿದ್ದುತ್ತಿದ್ದ ಮೊದಲ ಮೆಟ್ಟಿಲೇ ಇದರಿಂದ ಮರೆಯಾಗುತ್ತದೆ.

ಆ ನಷ್ಟ ಎಂಥದೆಂಬುದು ಒಂದು ನಿದರ್ಶನದಿಂದ ಸ್ಪಷ್ಟವಾಗುತ್ತದೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬರುವಷ್ಟು ಕನ್ನಡ ಕುಟುಂಬಗಳು ನೆಲೆಸಿದ್ದು, ಅಂಥ ಮನೆಯ ವಿದ್ಯಾರ್ಥಿಯು ಅಜ್ಜಿ ಹೇಳಿದ ರಾಮಾಯಣದ ಪ್ರಸಂಗವನ್ನು ತೊಗಲುಗೊಂಬೆಯ ಶೈಲಿಯಲ್ಲಿ ತೋರಿಸಬಯಸಿದನೆಂದು ಭಾವಿಸೋಣ. ತೊಗಲುಗೊಂಬೆಯ ತೋಳು ಕೀಲು ಇರುವಲ್ಲಿ ಮಾತ್ರ ತಿರುಗುತ್ತದೆ. ಯಂತ್ರವು ಅದನ್ನು ಬಳ್ಳಿಯಂತೆ ಬಾಗಿಸಿದರೆ, ತಪ್ಪನ್ನು ಗುರುತಿಸಲು ಗೊಂಬೆಯನ್ನು ನೋಡಿದ, ಕೀಲನ್ನು ಬರೆದು ತಿಳಿದ ಕಣ್ಣೇ ಬೇಕು.

ಆದ್ದರಿಂದ ಉಪಕರಣವನ್ನು ದೂರವಿಡುವುದಕ್ಕಿಂತ ಪಾಠದ ಅನುಕ್ರಮವನ್ನು ಕಾಪಾಡುವುದು ಮುಖ್ಯ. ಕಥೆಯನ್ನು ದೃಶ್ಯಗಳಾಗಿ ಒಡೆದು ತೋರಿಸುವ ಚಿತ್ರಪಟ್ಟಿಯಾದ ಸ್ಟೋರಿಬೋರ್ಡನ್ನು ವಿದ್ಯಾರ್ಥಿಯು ಮೊದಲು ಕೈಯಿಂದಲೇ ಬರೆದು, ಪುಟಿಯುವ ಚೆಂಡಿನ 12 ಚಿತ್ರಗಳನ್ನು ಪೆನ್ಸಿಲಿನಲ್ಲಿ ಮುಗಿಸಿದ ಬಳಿಕವೇ ಪ್ರಾಂಪ್ಟ್ ಬರೆಯಲು ತೊಡಗಿದರೆ, ಹಿಂದೆ ಸ್ಟುಡಿಯೊ ಕಲಿಸುತ್ತಿದ್ದುದನ್ನು ಶಾಲೆ ಕಲಿಸಿದಂತಾಗುತ್ತದೆ.