ಕವಾಟ ಎಷ್ಟು ಕಿರಿದು ಎಂದು ಕೇಳಿದವರು

ಎಕೋ ಪರೀಕ್ಷೆಯ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರದ ಚರಿತ್ರೆಯಾಗಿ ಹೇಳುತ್ತಾರೆ. ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಹಡಗು ಕಟ್ಟುವವರು ಲೋಹದ ಬಿರುಕು ಹುಡುಕಲು ಬಳಸುತ್ತಿದ್ದ ಉಪಕರಣವನ್ನು ಎದೆಗೆ ಹಿಡಿದು ನೋಡಿದರು; 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಸುಳ್ಳೇನಲ್ಲ, ಆದರೆ ಅರ್ಧ ಕಥೆ. ಎಡ್ಲರ್‌ಗೆ ಈ ಉಸಾಬರಿ ಬೇಕಾದದ್ದು ಶಸ್ತ್ರಚಿಕಿತ್ಸೆಯ ಕಾರಣಕ್ಕೆ. ರುಮ್ಯಾಟಿಕ್ ಜ್ವರದಿಂದ ಅಂಟಿಕೊಂಡ ಮೈಟ್ರಲ್ ಕವಾಟವನ್ನು (ಎಡ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ನಡುವಿನದು) ಬಿಡಿಸಬಹುದೆಂದು ಅಮೆರಿಕದ ಚಾರ್ಲ್ಸ್ ಬೇಲಿ, ಡ್ವೈಟ್ ಹಾರ್ಕನ್ 1948ರಲ್ಲೇ ತೋರಿಸಿದ್ದರು. ಕವಾಟ ಕಿರಿದಾಗಿದ್ದರೆ ಅದರಿಂದ ಲಾಭ. ರಕ್ತ ಹಿಂದಕ್ಕೆ ಸೋರುತ್ತಿದ್ದರೆ ಹಾನಿ. ಯಾರ ಎದೆ ತೆರೆಯಬೇಕು ಎಂಬ ಪ್ರಶ್ನೆ ಮೊದಲು ಬಂತು, ಉಪಕರಣ ಆಮೇಲೆ.

ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆಯನ್ನು ಎಡ್ಲರ್ ಮೊದಮೊದಲು ಎಡ ಹೃತ್ಕರ್ಣದ ಗೋಡೆಯದೆಂದೇ ತಿಳಿದಿದ್ದರು. ಉಪಕರಣದ ಧ್ವನಿಯ ಅಲೆ ಹೊಕ್ಕ ಜಾಗ, ದಿಕ್ಕು ಗುರುತಿಟ್ಟುಕೊಂಡು, ರೋಗಿ ತೀರಿಕೊಂಡ ಮೇಲೆ ಅದೇ ದಾರಿಯಲ್ಲಿ ಚೂಪಾದ ಸಲಾಕೆ ಇಳಿಸಿ ನೋಡಿದಾಗ ತಗುಲಿದ್ದು ಕವಾಟದ ಮುಂದಿನ ಎಸಳು! ಆ ಗೆರೆ ನಿಧಾನವಾಗಿ ಇಳಿದರೆ ಕವಾಟ ಕಿರಿದು ಎಂಬ ಲೆಕ್ಕ ಬಹುಕಾಲ ನಡೆಯಿತು. ಆದರೆ ಹೃತ್ಕುಕ್ಷಿಯ ಗೋಡೆ ಪೆಡಸಾಗಿದ್ದರೂ ಗೆರೆ ನಿಧಾನವೇ ಎಂದು ತಿಳಿದಾಗ ಅದರ ಬೆಲೆ ಇಳಿಯಿತು. 1970ರ ದಶಕದಲ್ಲಿ ಎರಡು ಆಯಾಮದ ಚಿತ್ರದಲ್ಲಿ ಕವಾಟದ ಬಾಯಿಯ ಅಂಚಿಗೆ ಗೆರೆಯೆಳೆದು ವಿಸ್ತೀರ್ಣ ಅಳೆಯತೊಡಗಿದರು. ಅದೇ ದಶಕದ ಕೊನೆಗೆ ನಾರ್ವೆಯ ಲಿವ್ ಹಾಟ್ಲೆ ಮತ್ತು ಸಂಗಡಿಗರು ರಕ್ತದ ವೇಗ ಅಳೆಯುವ ಡಾಪ್ಲರ್ ವಿಧಾನ ಬಳಸಿ, ಒತ್ತಡದ ವ್ಯತ್ಯಾಸ ಅರ್ಧಕ್ಕಿಳಿಯಲು ಹಿಡಿಯುವ ಕಾಲವನ್ನು ಅಳೆದರು. 220ನ್ನು ಆ ಮಿಲಿಸೆಕೆಂಡುಗಳಿಂದ ಭಾಗಿಸಿದರೆ ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ ಸಿಗುತ್ತದೆ.

ಹಾಗಾದರೆ ದಾರಿ ತೆರೆದದ್ದು ಯಂತ್ರವೇ ಅಲ್ಲವೆ ಎಂದು ಕೇಳಬಹುದು. ಚಿತ್ರವಿಲ್ಲದೆ ಅಂಚಿಗೆ ಗೆರೆಯೆಳೆಯಲಾಗದು, ಒಪ್ಪಿದೆ. ಆದರೆ ವಿಸ್ತೀರ್ಣವೇ ತಿಳಿಯಬೇಕೆಂಬ ಆಸೆ 1951ರ ಗೋರ್ಲಿನ್ ಸೂತ್ರದಲ್ಲೇ ಇತ್ತು. ಅದಕ್ಕೆ ಆಗ ಹೃದಯದೊಳಕ್ಕೆ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಬೇಕಿತ್ತು, ಅಷ್ಟೆ. ಎಸಳಿನ ದಪ್ಪ, ಸುಣ್ಣಗಟ್ಟುವಿಕೆ ಎಕೋದಲ್ಲಿ ವರ್ಷಗಳಿಂದ ಕಾಣುತ್ತಿದ್ದರೂ ಅದಕ್ಕೆ ಅಂಕ ಕೊಡುವ ವಿಲ್ಕಿನ್ಸ್ ಪದ್ಧತಿ ಬಂದದ್ದು 1988ರಲ್ಲಿ, ಜಪಾನಿನ ವೈದ್ಯ ಇನೋಯೆ, ಬಲೂನಿನಿಂದ ಕವಾಟ ಬಿಡಿಸುವುದನ್ನು ತೋರಿಸಿಕೊಟ್ಟ ಮೇಲೆ. ಇನ್ನೂ ಬಲವಾದ ಸಾಕ್ಷಿ 2014ರದು: ಅಮೆರಿಕದ ಮಾರ್ಗಸೂಚಿ ‘ತೀವ್ರ’ದ ಗಡಿಯನ್ನು 1.0ರಿಂದ 1.5 ಚದರ ಸೆಂಟಿಮೀಟರಿಗೆ ಸರಿಸಿತು. ಅದಕ್ಕೆ ಕಾರಣ ಹೊಸ ಯಂತ್ರವಲ್ಲ. ಅಷ್ಟು ಕಿರಿದಾದಾಗಲೇ ರೋಗಲಕ್ಷಣ ಕಾಣಿಸಿ ಚಿಕಿತ್ಸೆಯಿಂದ ಗುಣ ಸಿಗುತ್ತದೆಂಬ ತಿಳಿವಳಿಕೆ. ಯಾವ ಅಳತೆ ಬೇಕೆಂಬುದನ್ನೂ ಚಿಕಿತ್ಸೆಯೇ ತೀರ್ಮಾನಿಸುತ್ತದೆ: ಬಲೂನು ಊದಿದ ಕೂಡಲೇ ಹೃತ್ಕರ್ಣ ಹಿಗ್ಗುವ ರೀತಿ ಬದಲಾಗುವುದರಿಂದ ಹಾಟ್ಲೆಯ ಲೆಕ್ಕವನ್ನು ನಂಬುವ ಹಾಗಿಲ್ಲ. ಆ ಹೊತ್ತಿಗೆ ವೈದ್ಯರು ಬಾಯಿಯ ಅಂಚಿಗೆ ಗೆರೆಯೆಳೆಯುವ ಹಳೆಯ ಪದ್ಧತಿಗೇ ಮರಳುತ್ತಾರೆ.